ಕಚ್ಚೆ ಹಾಕಬಲ್ಲವರು ಬೇಕಾಗಿದ್ದಾರೆ

ಮದುವೆ ಛತ್ರದ ವರನ ಕೋಣೆಯಲ್ಲಿ ನಸುಕಿಗೇ ಒಂದು ಕೂಗು ಏಳುತ್ತದೆ: “ಕಚ್ಚೆ ಹಾಕೋಕೆ ಯಾರಿಗ್ರೀ ಬರುತ್ತೆ?” ಕೋಣೆ ತುಂಬ ಎಂಜಿನಿಯರುಗಳು, ಒಬ್ಬ ಚಾರ್ಟರ್ಡ್ ಅಕೌಂಟೆಂಟ್, ಜರ್ಮನಿಯಿಂದ ರಜೆ ಹಾಕಿ ಬಂದ ಗೆಳೆಯ. ಯಾರಿಗೂ ಬರುವುದಿಲ್ಲ. ಕಡೆಗೆ ಊಟದ ಹಾಲಿನಲ್ಲಿ ಕಾಫಿ ಹೀರುತ್ತಿದ್ದ ಸೋದರಮಾವನಿಗೆ ಬುಲಾವು ಹೋಗುತ್ತದೆ. ಇಡೀ ವಂಶದಲ್ಲಿ ಆ ವಿದ್ಯೆ ಉಳಿದಿರುವುದು ತನ್ನೊಬ್ಬನಲ್ಲಿ ಎಂಬುದು ಮಾವನಿಗೂ ಗೊತ್ತು. ಲೋಟ ಖಾಲಿಯಾಗುವ ತನಕ ಆತ ಏಳುವುದಿಲ್ಲ.

ಅಡ್ಡಪಂಚೆಯ ಮಾತು ಬೇರೆ. ನಾಲ್ಕು ಮೊಳ ಬಟ್ಟೆ, ಸುತ್ತಿ ಸೊಂಟಕ್ಕೆ ಸಿಕ್ಕಿಸಿದರೆ ಮುಗಿಯಿತು. ಕಚ್ಚೆಪಂಚೆಗೆ ಎಂಟು ಮೊಳ; ಗುಂಡಿಯಿಲ್ಲ, ಲಾಡಿಯಿಲ್ಲ, ಹೊಲಿಗೆಯಿಲ್ಲ. ನಡುಮಧ್ಯಕ್ಕೆ ಗಂಟು ಬಿಗಿದು, ಒಂದು ತುದಿಯನ್ನು ಕಾಲ ನಡುವೆ ಹಾಯಿಸಿ ಹಿಂದೆ ಸಿಕ್ಕಿಸಿ, ಇನ್ನೊಂದರ ನಿರಿಗೆ ಹಿಡಿದು ಮುಂದೆ ಸಿಕ್ಕಿಸಬೇಕು. “ಹೊಟ್ಟೆ ಒಳಕ್ಕೆ ತಗೋ” ಎನ್ನುತ್ತಾನೆ ಮಾವ. ವರ ತಗೊಳ್ಳುತ್ತಾನೆ. ಗಂಟು ಬೀಳುತ್ತದೆ. ಸಮಸ್ಯೆ ಏನೆಂದರೆ, ವರ ಮುಹೂರ್ತದ ತನಕ ಉಸಿರಾಡಲೂಬೇಕು.

ಈ ಸ್ಥಿತಿಯಲ್ಲಿ ಆತ ಕಾಶಿಯಾತ್ರೆಗೆ ಹೊರಡುತ್ತಾನೆ. ಬಲಗೈಯಲ್ಲಿ ಛತ್ರಿ, ಎಡಗೈಯಲ್ಲಿ ಕೋಲು, ಕಂಕುಳಲ್ಲಿ ಪುಸ್ತಕ, ಮನಸ್ಸೆಲ್ಲ ನಿರಿಗೆಯಲ್ಲಿ. ಸಂಸಾರ ತೊರೆಯಲು ಹೊರಟವನು ಇಷ್ಟೊಂದು ಭಯದಿಂದ ಹೆಜ್ಜೆ ಇಡುವುದನ್ನು ಕಾಶಿ ಎಂದೂ ಕಂಡಿರಲಾರದು. ಆಗಲೇ ಎಂಟು ಮೊಳದ ಒಳಗಿನಿಂದ ಫೋನು ಹಾಡತೊಡಗುತ್ತದೆ. ಪಂಚೆಗೆ ಜೇಬಿಲ್ಲವೆಂದು ಒಳಗೊಂದು ಬರ್ಮುಡಾ ಹಾಕಿ ಅದರಲ್ಲಿ ಫೋನಿಟ್ಟಿರುತ್ತಾನೆ. ಈ ಕಾಲದ ವರರೆಲ್ಲರ ಗುಟ್ಟು ಅದೇ. ಪುರೋಹಿತರು ಮಂತ್ರ ನಿಲ್ಲಿಸುತ್ತಾರೆ. ಫೋನಿಗೆ ಕೈ ಹಾಕಬೇಕಾದರೆ ನಿರಿಗೆ ಬಿಚ್ಚಬೇಕು, ನಿರಿಗೆ ಬಿಚ್ಚಿದರೆ ಕಚ್ಚೆ ಸಡಿಲ, ಕಚ್ಚೆ ಸಡಿಲವಾದರೆ ಗಂಟು, ಗಂಟು ಹೋದರೆ ಮಾನ. ಸಿನಿಮಾ ಹಾಡಿನ ಪಲ್ಲವಿ ಮುಗಿದು ಚರಣ ಶುರುವಾಗುತ್ತದೆ. ಹೆಣ್ಣಿನ ತಂದೆ ಕೈಮುಗಿದು, “ಸನ್ಯಾಸ ಬೇಡ, ಹಿಂದಿರುಗಿ” ಎಂದು ಬೇಡುವ ಹೊತ್ತಿಗೆ ವರ ನಿಜಕ್ಕೂ ಸನ್ಯಾಸಕ್ಕೆ ಸಿದ್ಧನಾಗಿರುತ್ತಾನೆ. ಆಮೇಲೆ ನೋಡಿದರೆ ಕರೆ ಮಾಡಿದವನು ಕ್ಯಾಬ್ ಚಾಲಕ. ಲೊಕೇಶನ್ ಕೇಳಲು.

ಮಾರುಕಟ್ಟೆ ಇದನ್ನೆಲ್ಲ ನೋಡಿ ಕೈಕಟ್ಟಿ ಕೂರಲಿಲ್ಲ. ವೆಲ್ಕ್ರೋ ಪಂಚೆ ಬಂತು, ಜೇಬಿನ ಪಂಚೆ ಬಂತು, ಪೈಜಾಮದ ಹಾಗೆ ಕಾಲು ತೂರಿಸುವ ರೆಡಿಮೇಡ್ ಕಚ್ಚೆಯೂ ಬಂತು. ಈ ಪ್ರಬಂಧಕಾರ ವೆಲ್ಕ್ರೋ ಪಂಗಡದವನು. ಪಂಕ್ತಿಯಲ್ಲಿ ಕೂರುವಾಗ ಏಳುವ ‘ಚರ್ರ್’ ಸದ್ದಿಗೆ ಅಕ್ಕಪಕ್ಕದವರು ಎಲೆಯಿಂದ ತಲೆ ಎತ್ತಿದರೆ ಆತನಿಗೆ ಒಳಗೊಳಗೇ ಖುಷಿ. ಉತ್ತರ ಕರ್ನಾಟಕದ ಅಜ್ಜಿಯರಾದರೋ ಇಳಕಲ್ ಸೀರೆಗೆ ತಾವೇ ಕಚ್ಚೆ ಹಾಕಿ ಹೊಲದಲ್ಲಿ ಕಳೆ ಕಿತ್ತು ಬರುತ್ತಾರೆ. ಅವರೆದುರು ಈ ಸದ್ದು ಮಾಡದಿರುವುದು ಮೇಲು.

ಪಂಚೆ ಹೀಗೆ ಹಬ್ಬದ ವೇಷವಾಗಿದ್ದು ಈಚೆಗೆ. ಹಳೇ ಮೈಸೂರಿನ ಮೇಷ್ಟ್ರುಗಳು ಕಚ್ಚೆಪಂಚೆಯ ಮೇಲೆ ಕೋಟು ಹಾಕಿ, ತಲೆಗೆ ಪೇಟ ಸುತ್ತಿ ದಿನಾ ಪಾಠ ಮಾಡಿದರು. ಮೈಸೂರಿನಲ್ಲೇ ಹುಟ್ಟಿದ ಆರ್.ಕೆ. ಲಕ್ಷ್ಮಣ್ ತಮ್ಮ ‘ಶ್ರೀಸಾಮಾನ್ಯ’ನಿಗೆ ತೊಡಿಸಿದ್ದೂ ಪಂಚೆ, ಮೇಲೊಂದು ಚೌಕುಳಿ ಕೋಟು. 1921ರ ಸೆಪ್ಟೆಂಬರಿನಲ್ಲಿ ಮದುರೆಯಲ್ಲಿ ಗಾಂಧೀಜಿ ಅಂಗಿ ಟೋಪಿ ಬಿಟ್ಟು ತುಂಡು ಪಂಚೆಗೆ ಇಳಿದರು. 1931ರಲ್ಲಿ ಅದನ್ನೇ ಉಟ್ಟು ಬಕಿಂಗ್‌ಹ್ಯಾಮ್ ಅರಮನೆಗೆ ಹೋಗಿ ಐದನೇ ಜಾರ್ಜ್ ದೊರೆಯನ್ನು ಕಂಡುಬಂದರು. 1996ರಲ್ಲಿ ಎಚ್.ಡಿ. ದೇವೇಗೌಡರು ಪ್ರಧಾನಿಯಾದಾಗ ದೆಹಲಿಗೆ ಹಾಸನದ ಪಂಚೆಯೂ ಹೋಯಿತು.

ಅರಮನೆ ಬಿಟ್ಟುಕೊಂಡ ಬಟ್ಟೆಯನ್ನು ನಮ್ಮ ಬಾಗಿಲುಗಳು ಬಿಟ್ಟುಕೊಳ್ಳುವುದಿಲ್ಲ. 2014ರ ಜುಲೈಯಲ್ಲಿ ಚೆನ್ನೈನ ಒಂದು ಕ್ಲಬ್ಬಿನಲ್ಲಿ ಪುಸ್ತಕ ಬಿಡುಗಡೆಗೆಂದು ಪಂಚೆ ಉಟ್ಟು ಬಂದ ಹೈಕೋರ್ಟ್ ನ್ಯಾಯಮೂರ್ತಿಯನ್ನೇ ತಡೆದರು. ತಮಿಳುನಾಡು ಮರುತಿಂಗಳೇ ಕಾಯ್ದೆ ಮಾಡಿತು: ಹಾಗೆ ತಡೆದರೆ ಲೈಸೆನ್ಸ್ ರದ್ದು, ಒಂದು ವರ್ಷದ ತನಕ ಜೈಲು, 25,000 ರೂಪಾಯಿ ತನಕ ದಂಡ. ಸರಿಯಾಗಿ ಹತ್ತು ವರ್ಷದ ನಂತರ, 2024ರ ಜುಲೈಯಲ್ಲಿ, ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್ ಒಂದರ ಸರದಿ. ಹಾವೇರಿ ಕಡೆಯ ವೃದ್ಧ ರೈತರೊಬ್ಬರು ಮಗನ ಜೊತೆ ಸಿನಿಮಾ ನೋಡಲು ಬಂದಿದ್ದರು. ಟಿಕೆಟ್ ಇತ್ತು. ಪಂಚೆ ಉಟ್ಟಿದ್ದಾರೆಂದು ಒಳಗೆ ಬಿಡಲಿಲ್ಲ. ವಿಷಯ ವಿಧಾನಸಭೆಯವರೆಗೂ ಹೋಗಿ, ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸಿತು.

ಇಲ್ಲಿ ನಗು ಬರುವುದಿಲ್ಲ. ಮದುವೆಗೆ ಬಾಡಿಗೆ ತಂದ ರೇಷ್ಮೆ ಪಂಚೆ ಸಂಸ್ಕೃತಿ, ಬಿಸಿಲಲ್ಲಿ ದುಡಿದವನು ದಿನಾ ಉಡುವ ಹತ್ತಿ ಪಂಚೆ ಡ್ರೆಸ್‌ಕೋಡ್ ಉಲ್ಲಂಘನೆ! ಊರ ತುಂಬ ಮಾಲುಗಳ ‘ಎಥ್ನಿಕ್’ ಅಂಗಡಿಗಳಲ್ಲಿ ಗಾಜಿನ ಹಿಂದೆ ಗೊಂಬೆಗಳು ಜರಿ ಪಂಚೆ ಉಟ್ಟು ನಿಂತಿರುತ್ತವೆ. ಅವುಗಳನ್ನು ಯಾವ ಕಾವಲುಗಾರನೂ ಹೊರಗೆ ಕಳಿಸಿಲ್ಲ. ಕಾವಲುಗಾರನನ್ನು ಬೈದು ಪ್ರಯೋಜನವೂ ಇಲ್ಲ. ಆತ ಸಂಬಳಕ್ಕೆ ನಿಂತವನು, ಆತನ ಅಪ್ಪನೂ ಊರಲ್ಲಿ ಪಂಚೆಯಲ್ಲೇ ಇರಬಹುದು.

ಆದ್ದರಿಂದ ಸರ್ಕಾರಕ್ಕೆ ಒಂದು ವಿನಂತಿ. ಪಂಚೆಯವರನ್ನು ತಡೆಯಲೇಬೇಕೆನ್ನುವ ಮ್ಯಾನೇಜರುಗಳಿಗೆ ಒಂದು ಪರೀಕ್ಷೆ ಇಡಿ: ಎಂಟು ಮೊಳ ಬಟ್ಟೆ ಕೊಟ್ಟು, ವೆಲ್ಕ್ರೋ ಇಲ್ಲದೆ, ಬೆಲ್ಟಿಲ್ಲದೆ, ಯಾರ ನೆರವೂ ಇಲ್ಲದೆ ಕಚ್ಚೆ ಹಾಕಿ ಎಸ್ಕಲೇಟರ್ ಹತ್ತಿ ಇಳಿಯಲಿ. ಪಾಸಾದವರು ಮಾತ್ರ ಬಾಗಿಲಲ್ಲಿ ನಿಂತು ಇನ್ನೊಬ್ಬರ ಬಟ್ಟೆ ನೋಡಲಿ.