2,200 ವ್ಯಾಟಿನ ಅಳಿಯ

ಅರಿಜೋನಾದ ಫೀನಿಕ್ಸ್. ಜುಲೈ ಬಿಸಿಲು 43 ಡಿಗ್ರಿ. ಸಾಫ್ಟ್‌ವೇರ್ ಅಳಿಯ ಕ್ಯಾಂಪರ್ ಕೊಂಡಿದ್ದಾನೆ; ಜೊತೆಗೆ, ಡಬ್ಬದ ಮೇಲೆ ದಪ್ಪಕ್ಷರದಲ್ಲಿ ‘2200’ ಎಂದಿರುವ ಜನರೇಟರ್. ಕೆಇಬಿಯಿಂದ ನಿವೃತ್ತರಾದ ಮಾವ ಕನ್ನಡಕ ಏರಿಸಿದರು.

“ಅಳಿಯಂದ್ರೇ, ಚಾವಣಿ ಎಸಿ ಎಷ್ಟರದ್ದು?”

“13,500 ಬಿಟಿಯು ಮಾವ. ಓಡುವಾಗ ಸುಮಾರು 1,500 ವ್ಯಾಟ್. ಇನ್ನೂ 700 ಉಳಿತಾಯ!”

“ಓಡುವಾಗ ಸರಿ. ಹೊರಡುವಾಗ?”

ಕಂಪ್ರೆಸರ್ ನಿಂತಲ್ಲಿಂದ ಎದ್ದು ತಿರುಗುವ ಕ್ಷಣದಲ್ಲಿ ಸೆಳೆತ ದುಪ್ಪಟ್ಟಾಗುತ್ತದೆ; 3,000 ವ್ಯಾಟ್ ಮುಟ್ಟಿದರೂ ಅಚ್ಚರಿಯಿಲ್ಲ. ಜನರೇಟರಿನ 2,200 ಎಂಬುದೋ ಕ್ಷಣಿಕ ಶೌರ್ಯ. ಗಂಟೆಗಟ್ಟಲೆ ಕೊಡುವುದು 1,800 ಮಾತ್ರ. ಅದನ್ನು ಡಬ್ಬದ ಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಮುದ್ರಿಸಿದ್ದಾರೆ. (ಚುನಾವಣಾ ಪ್ರಣಾಳಿಕೆಗಳೂ ಇದೇ ಮುದ್ರಣಾಲಯದವಿರಬೇಕು.)

ಗುಂಡಿ ಒತ್ತಿದ. ಎಸಿ ‘ಹ್ಞೂಂ’ ಎಂದಿತು. ಜನರೇಟರಿನಲ್ಲಿ ಕೆಂಪು ದೀಪ ಹೊತ್ತಿತು. ಎಸಿ ನಿಂತಿತು.

“ಸಾಫ್ಟ್ ಸ್ಟಾರ್ಟರ್ ಹಾಕಿಸ್ತೀನಿ ಮಾವ. ಮೊದಲ ಎಳೆತ ಅರ್ಧಕ್ಕೆ ಇಳಿಯುತ್ತಂತೆ.”

“ಹಾಕ್ಸಿ. ಹೋಗೋದೆಲ್ಲಿಗೆ?”

“ಫ್ಲ್ಯಾಗ್‌ಸ್ಟಾಫಿಗೆ. 2,100 ಮೀಟರ್ ಎತ್ತರ!”

“ಅಲ್ಲಿ ಗಾಳಿ ತೆಳು. 300 ಮೀಟರ್ ಏರಿದಂತೆಲ್ಲ ಎಂಜಿನ್ ಶಕ್ತಿ ಶೇ. 3.5ರಷ್ಟು ಸೋರುತ್ತೆ. ನಿಮ್ಮ 1,800 ಅಲ್ಲಿ 1,400 ಕೂಡ ಮುಟ್ಟೋಲ್ಲ. ಎಸಿ ಓಡೋದಕ್ಕೇ ಸಾಲದು.”

“ಹಾಗಾದ್ರೆ ಇನ್ನೊಂದು ತಂದು ಎರಡನ್ನೂ ಜೋಡಿಸಿದ್ರಾಯ್ತು!”

“ಜೋಡಿಸಿ. ಕಿಟಕಿಯಿಂದ ಆರು ಮೀಟರ್ ಆಚೆಗಿಡಿ. ಆ ಹೊಗೆಯ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇರೋಲ್ಲ.”

ಒಳಗಿನಿಂದ ಮಗಳು ಕೂಗಿದಳು: “ಅಪ್ಪಾ, ಫ್ಲ್ಯಾಗ್‌ಸ್ಟಾಫಲ್ಲಿ ರಾತ್ರಿ ಹತ್ತು ಡಿಗ್ರಿಯಂತೆ. ನಿಮಗೆ ರಗ್ಗು ಎರಡು ಸಾಕಾ, ಮೂರು ಬೇಕಾ?”