ಪಪ್ಪಿಯ ಪಪ್ಪ

ಪಪ್ಪಿಯ ಪಪ್ಪನನ್ನು ನೀವು ನೋಡಿಯೇ ಇರುತ್ತೀರಿ. ಬೆಂಗಳೂರಿನ ಯಾವ ಬಡಾವಣೆಯಲ್ಲಾದರೂ ಸರಿ, ಬೆಳಿಗ್ಗೆ ಆರು ಗಂಟೆಗೆ ಹೊರಗೆ ಬನ್ನಿ. ತಲೆಗೆ ಮಂಕಿ ಕ್ಯಾಪು, ಕೈಯಲ್ಲಿ ಹಗ್ಗ, ಹಗ್ಗದ ಆ ತುದಿಗೆ ಕರಿಯ ಲ್ಯಾಬ್ರಡಾರ್. ಯಾರು ಯಾರನ್ನು ವಾಕಿಂಗ್ ಕರೆದೊಯ್ಯುತ್ತಿದ್ದಾರೆ ಎಂಬುದು ಹಗ್ಗ ಬಿಗಿದಿರುವ ದಿಕ್ಕು ನೋಡಿದರೇ ಗೊತ್ತಾಗುತ್ತದೆ. ವಯಸ್ಸು ಐವತ್ತೈದು ದಾಟಿದೆ. ಮಗ ಅಮೆರಿಕದಲ್ಲಿ. ನಾಯಿ ತಂದವಳು ಮಗಳು. ಮದುವೆಯಾಗಿ ಹೋಗುವಾಗ ಬಿಟ್ಟುಹೋದವಳೂ ಅವಳೇ. "ನಾಯಿ ಒಳಗೆ ಬಂದರೆ ನಾನು ಹೊರಗೆ" ಎಂದು ಅವತ್ತು ಹೊಸ್ತಿಲ ಮೇಲೆ ನಿಂತು ಗುಡುಗಿದವರು ಇವರೇ. ಆಮೇಲೆ 2022ರಲ್ಲಿ ಹೆಂಡತಿಯ ಬಲವಂತಕ್ಕೆ '777 ಚಾರ್ಲಿ' ನೋಡಲು ಹೋದರು. ಇಂಟರ್ವಲ್ ಮುಗಿದ ಮೇಲೆ ಕನ್ನಡಕ ಒರೆಸುವುದೇ ಕೆಲಸವಾಯಿತು. ಈಗ ನಾಯಿ ಮಂಚದ ನಡುವೆ, ಇವರು ಮಂಚದ ಅಂಚಿಗೆ.

"ನಾಯಿ" ಅನ್ನಬಾರದು, ಕೋಪ ಬರುತ್ತದೆ. "ಅವನಿಗೊಂದು ಹೆಸರಿದೆ ಕಣ್ರೀ. ಸಿಂಬಾ." ಸಿಂಬಾನಿಗೆ ಚಾಕಲೇಟ್ ಆಗದು, ದ್ರಾಕ್ಷಿ ಆಗದು, ಈರುಳ್ಳಿ ಆಗದು ಎಂಬುದೆಲ್ಲ ಪಪ್ಪನ ನಾಲಗೆಯ ತುದಿಯಲ್ಲಿದೆ. ಅಮೆರಿಕದ ಮಗನಿಗೆ ಏನು ಆಗದು ಎಂದು ಕೇಳಿದರೆ ಹೆಂಡತಿಯ ಮುಖ ನೋಡುತ್ತಾರೆ. ಮೊಬೈಲಿನಲ್ಲಿ ಜಾಗ ಸಾಲದೆ ಬಂದಾಗ ಅಳಿಸಿದ್ದು ಮಗನ ಘಟಿಕೋತ್ಸವದ ಫೋಟೋಗಳನ್ನು. ಸಿಂಬಾ ಮಲಗಿದ್ದು, ಎದ್ದದ್ದು, ಎದ್ದು ಮತ್ತೆ ಮಲಗಿದ್ದು ಎಲ್ಲವೂ ಭದ್ರವಾಗಿವೆ.

ಅಷ್ಟಿದ್ದರೂ ತೃಪ್ತಿಯಿಲ್ಲ. ಸಿಂಬಾನ ಹುಟ್ಟುಹಬ್ಬಕ್ಕೆ ಸ್ಟುಡಿಯೋದಲ್ಲಿ ಪೋರ್ಟ್ರೇಟ್ ತೆಗೆಸಬೇಕು ಎಂದು ಮನಸ್ಸಾಯಿತು. ಖರ್ಚು ಕೇಳಿ ಹೆಂಡತಿ ಹಣೆ ಹಣೆ ಚಚ್ಚಿಕೊಂಡರು. ಪಪ್ಪ ಇತಿಹಾಸಕ್ಕೇ ಕೈ ಹಾಕಿದರು. "ಲೇ, ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೇ ಶತಮಾನದಲ್ಲೇ ನಾಯಿಗೆ ವೀರಗಲ್ಲು ನಿಲ್ಲಿಸಿದ್ದಾರೆ ಕಣೇ. ಕಾಳಿ ಅಂತ ಹೆಸರು. ಕಲ್ಲಿನ ಮೇಲೆ ಕಾಳಿಯ ಚಿತ್ರವನ್ನೇ ಕೆತ್ತಿದ್ದಾರೆ. ಈಗಲೂ ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ, ಬೇಕಿದ್ದರೆ ಹೋಗಿ ನೋಡು." ಹೇಳಿದ್ದು ನಿಜವೇ. ಹೆಂಡತಿ ಒಗ್ಗರಣೆಗೆ ಸಾಸಿವೆ ಹಾಕುತ್ತಲೇ ಅಂದರು: "ರೀ, ಆ ಕಾಳಿ ಕಾಡುಹಂದಿ ಜೊತೆ ಹೋರಾಡಿ ಪ್ರಾಣ ಬಿಟ್ಟಿತ್ತು. ನಿಮ್ಮ ಸಿಂಬಾ ಕುಕ್ಕರ್ ಸೀಟಿ ಹೊಡೆದರೆ ಮಂಚದ ಕೆಳಗೆ ಹೋಗತ್ತೆ." ಆತಕೂರು ಶಾಸನದ ಮೇಲೆ ಇಷ್ಟು ಚುಟುಕಾದ ವಿಮರ್ಶೆಯನ್ನು ನಾನಂತೂ ಬೇರೆಲ್ಲೂ ಓದಿಲ್ಲ.

ಪಕ್ಕದ ಮನೆಯವನಾದ ತಪ್ಪಿಗೆ ಸ್ಟುಡಿಯೋಗೆ ನಾನೂ ಹೊರಟೆ. ಕಾರಿನ ಹಿಂದಿನ ಸೀಟು ಪೂರ್ತಿ ಸಿಂಬಾನದು. ಮಮ್ಮಿ, ಅಂದರೆ ಪಪ್ಪನ ಹೆಂಡತಿ, ಆಟೋದಲ್ಲಿ ಬಂದರು.

ಫೋಟೋ ತೆಗೆಯುವ ಹುಡುಗ ಮೊದಲು ಮದುವೆ ಫೋಟೋ ತೆಗೆಯುತ್ತಿದ್ದನಂತೆ. ಆ ಕಸುಬು ಯಾಕೆ ಬಿಟ್ಟೆ ಎಂದರೆ, "ಸಾರ್, ಗಂಡಿನ ಸೋದರಮಾವನಿಗೆ ಸ್ವಲ್ಪ ಪಕ್ಕಕ್ಕೆ ಬನ್ನಿ ಅಂದರೆ ಬರಲ್ಲ. ಇವರು ಬಿಸ್ಕತ್ತು ತೋರಿಸಿದರೆ ಬರ್ತಾರೆ" ಎಂದ. ಕೆಲಸ ಬಲ್ಲ ಹುಡುಗ. ಬಂದ ಕೂಡಲೇ ಕ್ಯಾಮೆರಾ ಎತ್ತಲಿಲ್ಲ. ನಾಯಿಯನ್ನು ಬಿಟ್ಟುಬಿಟ್ಟು, ಅದು ಸ್ಟುಡಿಯೋದ ಮೂಲೆಮೂಲೆ ಮೂಸುವವರೆಗೆ ಸುಮ್ಮನೆ ನೆಲದ ಮೇಲೆ ಕೂತಿದ್ದ. ಪಪ್ಪನಿಗೆ ಮಾತ್ರ ಗಂಟೆ ಲೆಕ್ಕದ ಬಾಡಿಗೆಯ ಚಿಂತೆ.

ಮೊದಲು ಪಪ್ಪನ ಚೀಲ ಬಿಚ್ಚಿಕೊಂಡಿತು. ಜರಿಪಂಚೆ, ಕೂಲಿಂಗ್ ಗ್ಲಾಸು, ಮೈಸೂರು ಪೇಟ. ಪೇಟ ಒಂದು ಕಿವಿಯ ಮೇಲೆ ಕೂತಿತು, ಇನ್ನೊಂದು ಕಿವಿಯಿಂದ ಜಾರಿತು, ಕಡೆಗೆ ಅದರ ಜರಿ ಸಿಂಬಾನ ಬಾಯಿಗೆ ಹೋಯಿತು. ಅಮೆರಿಕದ ಎಲಿಯಟ್ ಅರ್ವಿಟ್ ಎಂಬ ದೊಡ್ಡ ಛಾಯಾಗ್ರಾಹಕ 1974ರಲ್ಲಿ ನ್ಯೂಯಾರ್ಕಿನಲ್ಲಿ ಟೋಪಿ ತೊಟ್ಟ ಪುಟ್ಟ ಚಿವಾವಾ ನಾಯಿಯ ಫೋಟೋ ತೆಗೆದದ್ದು ಜಗತ್ಪ್ರಸಿದ್ಧ. ಹುಡುಗ ಅದನ್ನು ಮೊಬೈಲಿನಲ್ಲಿ ತೋರಿಸಿದ. "ನೋಡಿ, ನಾನು ಹೇಳಲಿಲ್ಲವಾ, ಟೋಪಿ ಬೇಕು!" ಎಂದರು ಪಪ್ಪ. "ಟೋಪಿ ಅಲ್ಲ ಸಾರ್, ಕ್ಯಾಮೆರಾ ಎಲ್ಲಿದೆ ನೋಡಿ. ಚಿವಾವಾದ ಪಕ್ಕದಲ್ಲಿ ಒಬ್ಬ ಹೆಂಗಸಿನ ಬೂಟು ಮಾತ್ರ ಕಾಣತ್ತೆ, ದೊಡ್ಡ ನಾಯಿಯ ಕಾಲು ಮಾತ್ರ ಕಾಣತ್ತೆ. ನಾವು ನಿಂತುಕೊಂಡು ತೆಗೆದರೆ ಬರೀ ನೆತ್ತಿ, ಬೆನ್ನು. ನೆಲಕ್ಕೆ ಇಳೀಬೇಕು." ಹಾಗೆಂದು ಬೋರಲು ಮಲಗಿಯೇ ಬಿಟ್ಟ. ನಾಯಿಯ ಕಣ್ಣು ಇತ್ತ ಇರಲಿ ಎಂದು ಅವನ ಪಕ್ಕದಲ್ಲಿ ಪಪ್ಪನೂ ಮಲಗಿದರು. ಮಲಗುವುದು ಸಲೀಸಾಗಿ ಆಯಿತು. ಏಳುವ ಹೊತ್ತಿಗೆ ಸೊಂಟ ಹಿಡಿದುಕೊಂಡಿತ್ತು.

ಮೊದಲ ಫೋಟೋ ನೋಡಿ ಪಪ್ಪ ಕಿಡಿಕಿಡಿ. ಸಿಂಬಾ ಒಲೆಯ ಬೂದಿಯಲ್ಲಿ ಹೊರಳಿ ಎದ್ದವನ ಹಾಗೆ ಕಂಡ. ಕ್ಯಾಮೆರಾದ ಬುದ್ಧಿಯೇ ಅಷ್ಟು: ಎದುರಿಗಿರುವುದು ಕಪ್ಪಾಗಲಿ ಬಿಳಿಯಾಗಲಿ, ನಡುವಿನ ಬೂದು ಬಣ್ಣಕ್ಕೆ ಎಳೆದು ತರುತ್ತದೆ. ಕರಿನಾಯಿ ಕರಿಯಾಗಿಯೇ ಬರಬೇಕಾದರೆ ಬೆಳಕಿನ ಲೆಕ್ಕವನ್ನು ಕೈಯಾರೆ ಇಳಿಸಬೇಕು, ರೋಮದ ಹೊಳಪು ಕಾಣಲು ಪಕ್ಕದಿಂದ ಬೆಳಕು ಬಿಡಬೇಕು. ಆ ಬೆಳಕಿನ ಹಲಗೆ ಹಿಡಿಯುವ ಭಾಗ್ಯ ನನಗೆ ಬಂತು. ಫ್ಲಾಶನ್ನು ನೇರ ಮುಖಕ್ಕೆ ಹೊಡೆದರೆ ನಾಯಿಯ ಕಣ್ಣು ಹಸಿರಾಗಿ ಉರಿಯುತ್ತದೆ, ಕಣ್ಣಿನೊಳಗೆ ಹಿಂಬದಿಯಲ್ಲಿ ಬೆಳಕನ್ನು ತಿರುಗಿಸಿ ಕಳಿಸುವ ಪದರ ಇರುವುದರಿಂದ. ಹೀಗಾಗಿ ಅದೂ ಬೇಡವೆಂದಾಯಿತು.

ಇನ್ನು ತಿಂಡಿಯ ವಿಷಯ. "ನಮ್ಮ ಸಿಂಬಾ ಪ್ಯೂರ್ ವೆಜ್. ಮೊಸರನ್ನ ಅಂದರೆ ಪ್ರಾಣ" ಎಂದು ಪಪ್ಪ ಟಿಫಿನ್ ಡಬ್ಬಿ ತೆಗೆದರು. ಸಿಂಬಾ ಸೌಜನ್ಯಕ್ಕೆ ಒಮ್ಮೆ ಮೂಸಿ ಮುಖ ತಿರುಗಿಸಿದ. ಫೋಟೋ ಹುಡುಗನಿಗೆ ಒಬ್ಬ ಸಹಾಯಕ ಇದ್ದ. ಅವನ ಪ್ಯಾಂಟಿನ ಬಲಜೇಬಿನಲ್ಲಿ ಬೇಯಿಸಿದ ಕೋಳಿಯ ಚೂರುಗಳಿದ್ದವು. ಅದು ಪಪ್ಪನಿಗೆ ಗೊತ್ತಿರಲಿಲ್ಲ, ಸಿಂಬಾನಿಗೆ ಮಾತ್ರ ಒಳಗೆ ಕಾಲಿಟ್ಟಾಗಿನಿಂದ ಗೊತ್ತಿತ್ತು. ಅಲ್ಲಿಂದ ಮುಂದಿನ ಅಷ್ಟೂ ಫೋಟೋಗಳಲ್ಲಿ ಸಿಂಬಾ ಕತ್ತು ನೀಳ ಮಾಡಿ, ಕಣ್ಣು ಕೊಂಚ ಮೇಲೆತ್ತಿ, ಒಂದೇ ದಿಕ್ಕಿಗೆ ನೋಡುತ್ತಿದ್ದಾನೆ. "ಏನು ಗಾಂಭೀರ್ಯ! ಏನೋ ಯೋಚನೆ ಮಾಡ್ತಿದ್ದಾನೆ" ಎಂದರು ಪಪ್ಪ. ಯೋಚನೆ ಮಾಡುತ್ತಿದ್ದದ್ದು ನಿಜ. ಮಮ್ಮಿಗೆ ವಾಸನೆ ಹತ್ತಿತ್ತು. ಮೂಗಿಗೆ ಸೆರಗು ಹಿಡಿದು ಸುಮ್ಮನಿದ್ದರು. ಮನೆ ನಡೆಸುವುದು ಹೇಗೆಂದು ಬಲ್ಲವರು.

ಗಮನ ತಪ್ಪಿದಾಗ ಹುಡುಗ ಬಾಯಲ್ಲಿ ವಿಚಿತ್ರ ಸದ್ದು ಮಾಡುತ್ತಿದ್ದ. ಅರ್ವಿಟ್ ಕೂಡ ನಾಯಿಗಳ ಎದುರು ತಾನೇ ಬೊಗಳುತ್ತಿದ್ದನಂತೆ. ಸದ್ದು ಹೊಸದಾದರೆ ನಾಯಿ ತಲೆ ವಾಲಿಸಿ ಕೇಳುತ್ತದೆ, ಫೋಟೋಕ್ಕೆ ಬೇಕಾದದ್ದು ಆ ಒಂದು ಗಳಿಗೆ. ಅದನ್ನೇ ಮತ್ತೆ ಮತ್ತೆ ಮಾಡಿದರೆ ಕ್ಯಾರೇ ಅನ್ನುವುದಿಲ್ಲ. ಈ ಸೂಕ್ಷ್ಮ ಪಪ್ಪನಿಗೆ ತಿಳಿಯದು. "ಸಿಂಬಾ! ಇಲ್ನೋಡೋ ಕಂದ! ಸಿಂಬೂ! ಸಿಂಬುಲೂ! ಸ್ಮೈಲ್!" ಎಂದು ಕೂಗಿ ಕೂಗಿ, ಆ ಹೆಸರಿಗಿದ್ದ ಬೆಲೆಯನ್ನೆಲ್ಲ ಹತ್ತೇ ನಿಮಿಷದಲ್ಲಿ ಕಳೆದರು. ಸೆಕೆಗೆ ಸಿಂಬಾ ನಾಲಗೆ ಹೊರಹಾಕಿ ಏದುಸಿರು ಬಿಟ್ಟರೆ, "ನಗ್ತಿದ್ದಾನೆ, ತೆಗಿಯಪ್ಪಾ!" ಎಂಬ ಅಪ್ಪಣೆ.

ಸ್ವಲ್ಪ ಹೊತ್ತಿಗೆ ಸಿಂಬಾ ಆಕಳಿಸಿದ. ಸುಮ್ಮಸುಮ್ಮನೆ ತುಟಿ ನೆಕ್ಕಿದ. ಮುಖ ಅತ್ತ ತಿರುಗಿಸಿ ಕಣ್ಣಂಚಿನ ಬಿಳಿ ತೋರಿಸಿದ. "ನಿದ್ದೆ ಬಂದಿದೆ ಪಾಪ. ಸ್ವಲ್ಪ ಎಬ್ಬಿಸಿ ಇನ್ನೊಂದು ಹತ್ತು ತೆಗಿ" ಎಂದರು ಪಪ್ಪ. ಹುಡುಗ ಲೆನ್ಸಿಗೆ ಮುಚ್ಚಳ ಹಾಕಿದ. "ನಿದ್ದೆ ಅಲ್ಲ ಸಾರ್. ಸಾಕು ಅಂತಿದ್ದಾನೆ." ಮದುವೆಮನೆಯಲ್ಲಿ ಮದುಮಗಳು ಇದೇ ಥರ ಆಕಳಿಸಿದರೂ ಯಾರೂ ಕ್ಯಾಮೆರಾ ಮುಚ್ಚಿದ್ದನ್ನು ನಾನು ಕಂಡಿಲ್ಲ.

ದೊಡ್ಡದು ಮಾಡಿಸಲು ಪಪ್ಪ ಆರಿಸಿದ್ದು ಆ ಗಾಂಭೀರ್ಯದ ಫೋಟೋವನ್ನೇ. ಹಾಲಿನಲ್ಲಿ ತಾತನ ಫೋಟೋದ ಪಕ್ಕ ಹಾಕೋಣ ಎಂದರು. ಒಳಗಿನಿಂದ ಅಜ್ಜಿಯ ಕೆಮ್ಮು ಕೇಳಿಸಿತು, ಫೋಟೋ ಟೀವಿಯ ಮೇಲಿನ ಗೋಡೆಗೆ ಹೋಯಿತು. ಆದರೂ ಅದೇ ಅಜ್ಜಿ ಸಂಜೆ ಯಾರೂ ಇಲ್ಲದಾಗ ಫೋಟೋದ ಗಾಜಿಗೆ ಕಾಡಿಗೆಯ ದೃಷ್ಟಿಬೊಟ್ಟು ಇಟ್ಟಿದ್ದಾರೆ. ಕರಿಯ ಮುಖದ ಮೇಲೆ ಅದು ಯಾರಿಗೂ ಕಾಣಿಸಿಲ್ಲ.

ಆ ಮನೆಗೆ ಹೋದರೆ ಫೋಟೋ ನೋಡಿ ಮೆಚ್ಚಿಕೊಳ್ಳಿ, ಕಾಫಿಗೆ ಎರಡನೇ ಲೋಟ ಸಿಗುತ್ತದೆ. ಸಿಂಬಾ ಏನು ನೋಡುತ್ತಿದ್ದಾನೆ ಎಂದು ಪಪ್ಪನನ್ನು ಕೇಳಬೇಡಿ. ಎಷ್ಟಾಯಿತು ಎಂದು ಮಮ್ಮಿಯ ಎದುರು ಕೇಳಬೇಡಿ.