ಎಳೆಯೋದಿರಲಿ, ನಿಲ್ಲಿಸೋದು ಹೇಗೆ?

ಡಾಲಸ್‌ನಿಂದ ಉತ್ತರಕ್ಕೆ, ಡೆಂಟನ್ ಕೌಂಟಿಯ ಕಡೆ ಮನೆ ಮಾಡಿದವರಿಗೆ ಕುದುರೆ ಎಳೆಯೋ ಟ್ರಕ್ಕಿನ ಮಾತು ಇವತ್ತಲ್ಲ ನಾಳೆ ಬಂದೇ ಬರುತ್ತೆ. ಪೈಲಟ್ ಪಾಯಿಂಟ್, ಆಬ್ರಿ ಸುತ್ತಮುತ್ತ ಎಲ್ಲಿ ನೋಡಿದರೂ ಕುದುರೆ ಲಾಯಗಳೇ. ಮಕ್ಕಳು ಸಂಗೀತದ ಕ್ಲಾಸಿಗೆ ಹೋಗುವಾಗ ಕಾರಿನ ಕಿಟಕಿಯಿಂದ ನೋಡ್ತಾರೆ, ಸವಾರಿ ಕಲೀತೀನಿ ಅಂತಾರೆ, ಆಮೇಲೆ ಸ್ಪರ್ಧೆಗೆ ಹೋಗ್ತೀನಿ ಅಂತಾರೆ. ಬೇಲಿಯಾಚೆಯ ನಮ್ಮ ಹಾಸನದವರ ಮನೆಯಲ್ಲೂ ಹೀಗೇ ಆಯ್ತು. ಕುದುರೆ ಬಂದಿದೆ, ಎರಡು ಕುದುರೆ ಹಿಡಿಸುವ ಟ್ರೈಲರನ್ನೂ ನೋಡಿಟ್ಟಿದ್ದಾರೆ. ಇನ್ನು ಟ್ರಕ್ಕೊಂದು ಬಾಕಿ. ಸಂಜೆಯಾದರೆ ಬೇಲಿ ಹತ್ತಿರ ಅದೇ ಪ್ರಶ್ನೆ: ಫೋರ್ಡೋ, ರ‍್ಯಾಮೋ, ಶೆವಿಯೋ?

ನಾನಂತೂ ಕಂಪನಿಯ ಮಾತು ಕೊನೆಗಿರಲಿ ಅಂತೀನಿ. ಅವರು ಒಂದು ಕೆಲಸ ಸರಿಯಾಗಿ ಮಾಡಿದ್ದಾರೆ, ಟ್ರೈಲರನ್ನು ಮೊದಲು ಗೊತ್ತು ಮಾಡಿಕೊಂಡಿದ್ದಾರೆ. ಬಹಳ ಜನ ಮೊದಲು ಟ್ರಕ್ ತಂದು ನಿಲ್ಲಿಸಿ, ಆಮೇಲೆ ಅದರ ಹಿಂದೆ ಏನು ಕಟ್ಟಬಹುದು ಅಂತ ಹುಡುಕ್ತಾರೆ. ಹಾಗಾದಾಗ ಕೊನೆಗೆ ರಾಜಿ ಮಾಡಿಕೊಳ್ಳಬೇಕಾಗೋದು ಕುದುರೆ, ಅಲ್ವಾ?

ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಬರುತ್ತಲ್ಲ, ‘11,000 ಪೌಂಡ್ ಎಳೆಯುತ್ತೆ’ ಅಂತ, ಅಂದರೆ ಹತ್ತಿರ ಹತ್ತಿರ 5,000 ಕಿಲೋ, ಆ ಅಂಕಿ ಸುಳ್ಳಲ್ಲ. ಹಿಂದೆ ಒಂದೊಂದು ಕಂಪನಿಯೂ ತನಗೆ ಬೇಕಾದ ಹಾಗೆ ಅಳೆದುಕೊಳ್ತಿತ್ತು. ಈಗ ಜೆ2807 ಅನ್ನೋ ಒಂದೇ ಅಳತೆ ಇದೆ. 2011ರ ಟಂಡ್ರಾಗೆ ಟೊಯೋಟಾದವರು ಎಲ್ಲರಿಗಿಂತ ಮೊದಲು ಅದನ್ನು ಒಪ್ಪಿಕೊಂಡಾಗ, ಅದೇ ಟ್ರಕ್ಕಿನ ಅಂಕಿ ಕೆಳಗಿಳಿಯಿತು. ಆದರೂ ಒಪ್ಪಿಕೊಂಡರು, ಅದಕ್ಕೆ ಅವರನ್ನು ಮೆಚ್ಚಬೇಕು. ಪರೀಕ್ಷೆ ಸಾಮಾನ್ಯದ್ದಲ್ಲ ಮತ್ತೆ. ಅರಿಜೋನಾದ ಡೇವಿಸ್ ಡ್ಯಾಮ್ ಹತ್ತಿರದ ಉದ್ದನೆಯ ಏರಿನಲ್ಲಿ, ಆ ಬಿಸಿಲಲ್ಲಿ, ಏಸಿ ಪೂರ್ತಿ ಹಾಕಿಕೊಂಡು ಭಾರ ಎಳೀಬೇಕು. ಇಷ್ಟಾದರೂ ಆ ಲೆಕ್ಕದಲ್ಲಿ ಟ್ರಕ್ಕಿನೊಳಗೆ ಕೂತಿರೋರು ಇಬ್ಬರೇ, ತಲಾ 150 ಪೌಂಡಿನವರು. ಅಪ್ಪ, ಅಮ್ಮ, ಇಬ್ಬರು ಮಕ್ಕಳು, ಜೀನು, ಹುಲ್ಲಿನ ಕಂತೆ, ಪುಳಿಯೋಗರೆ ಡಬ್ಬಿ ಎಲ್ಲ ತುಂಬಿಕೊಂಡು ಹೊರಡೋ ಸಂಸಾರದ ಲೆಕ್ಕ ಬೇರೆಯಲ್ವಾ?

ಅದು ಗೊತ್ತಾಗೋಕೆ ಚಾಲಕನ ಕಡೆಯ ಬಾಗಿಲು ತೆಗೀಬೇಕು. ಬಾಗಿಲ ಕಂಬದ ಮೇಲೆ ಹಳದಿ ಬಿಳಿ ಬಣ್ಣದ ಸಣ್ಣ ಚೀಟಿ ಅಂಟಿಸಿರ್ತಾರೆ. ಜನ, ಸಾಮಾನು ಎರಡೂ ಸೇರಿ ಇಷ್ಟು ತೂಕ ಮೀರಬಾರದು ಅಂತ ಅದರಲ್ಲಿದೆ. ಇದೇ ಪೇಲೋಡ್. ಸಂಸಾರದ ಲೆಕ್ಕ ಇದರ ಮೇಲೆ ನಿಂತಿದೆ.

ಬೇಲಿ ಮೇಲೆ ಮೊಣಕೈ ಊರಿ ನಾವು ಲೆಕ್ಕ ಹಾಕಿದ್ದು ಹೀಗೆ. ಖಾಲಿ ಟ್ರೈಲರ್ 1,600 ಕಿಲೋ ಅಂದುಕೊಳ್ಳಿ. ಎರಡು ಕುದುರೆ, ತಲಾ 500. ನೀರು, ಹುಲ್ಲು, ಸರಂಜಾಮು ಎಲ್ಲ ಕೂಡಿಸಿದರೆ 2,800. ಹನ್ನೊಂದು ಸಾವಿರ ಪೌಂಡಿನ ಟ್ರಕ್ಕಿಗೆ ಇದೇನು ಮಹಾ ಅನ್ನಿಸುತ್ತೆ. ಆದರೆ ಇಂಥ ಟ್ರೈಲರಿನ ನೂರಕ್ಕೆ 10ರಿಂದ 15 ಪಾಲು ತೂಕ ಹಿಚ್ಚಿನ, ಅಂದರೆ ಎರಡನ್ನೂ ಕೂಡಿಸೋ ಕೊಂಡಿಯ, ಮೂಲಕ ಟ್ರಕ್ಕಿನ ಬೆನ್ನ ಮೇಲೇ ಕೂರುತ್ತೆ. ಅಲ್ಲಿಗೆ 280ರಿಂದ 420 ಕಿಲೋ. ಹಾಫ್ ಟನ್ ಅಂತಾರಲ್ಲ, ಎಫ್-150, ರ‍್ಯಾಮ್ 1500, ಸಿಲ್ವರಾಡೋ 1500, ಅಂಥದ್ದೊಂದರ ಚೀಟಿಯಲ್ಲಿ 680 ಕಿಲೋ ಅಂತಿದ್ದರೆ, ನಾಲ್ಕು ಜನಕ್ಕೆ 280 ಹೋಯ್ತು, ಹಿಚ್ಚಿನ ಕಬ್ಬಿಣಕ್ಕೆ 45, ಜೀನುಗಳನ್ನು ಹಿಂದೆ ಹಾಕಿದರೆ ಇನ್ನೊಂದು 35. ಉಳಿಯೋದು 320. ಹಿಚ್ಚಿನ ಮೇಲಿನ ಭಾರ 420ರ ಹತ್ತಿರ ಹೋದರೆ ಇದು ಸಾಲದು. ಅಂದರೆ ಎಳೆಯೋ ಶಕ್ತಿ ಇನ್ನೂ ಧಾರಾಳ ಇರುವಾಗಲೇ ಹೊರೋ ಶಕ್ತಿ ಮುಗಿದು ಹೋಗಿರುತ್ತೆ.

ಇದನ್ನು ಹೇಳುವಾಗ ನನಗೆ ಮೈಸೂರಿನ ಜಟಕಾ ನೆನಪಾಗುತ್ತೆ. ರೈಲು ಇಳಿದು ಅಜ್ಜಿ ಮನೆಗೆ ಹೋಗುವಾಗ ಜಟಕಾ ಓಡಿಸೋ ಸಾಬರು ನಮ್ಮನ್ನೆಲ್ಲ ಹತ್ತಿಸಿ, ಮೂಕಿ ಮೇಲೆ ಕೈಯಿಟ್ಟು ನೋಡೋರು. “ಅಮ್ಮಾವ್ರೇ, ವಸಿ ಮುಂದಕ್ಕೆ ಬನ್ನಿ. ಮಗಾ, ನೀನು ನನ್ನ ಪಕ್ಕ ಕೂತ್ಕೊ.” ಹಿಂದೆ ಭಾರ ಹೆಚ್ಚಾದರೆ ಮೂಕಿ ಮೇಲೇಳುತ್ತೆ, ಹೊಟ್ಟೆಪಟ್ಟಿ ಕುದುರೆಯನ್ನು ಮೇಲಕ್ಕೆ ಜಗ್ಗುತ್ತೆ. ಮುಂದೆ ಹೆಚ್ಚಾದರೆ ಬೆನ್ನ ಮೇಲೆ ಹೇರುತ್ತೆ. ನಮ್ಮಜ್ಜಿ ಕೈಲಿದ್ದ ಹಿತ್ತಾಳೆ ಬಿಂದಿಗೆಯನ್ನೂ ಅವರು ಸುಮ್ಮನೆ ಬಿಡ್ತಿರಲಿಲ್ಲ, ಇಲ್ಲಿಂದ ತೆಗೆದು ಅಲ್ಲಿಡೋರು. ಟ್ರೈಲರಿನ ಮೂತಿಯ ಭಾರವೂ ಇದೇ ವಿದ್ಯೆ. ಅದು ಕಮ್ಮಿಯಾದರೆ ಹೆದ್ದಾರಿಯಲ್ಲಿ ಟ್ರೈಲರ್ ಬಾಲ ಬೀಸೋಕೆ ಶುರು ಮಾಡುತ್ತೆ. ಜಾಸ್ತಿಯಾದರೆ ಟ್ರಕ್ಕಿನ ಹಿಂಭಾಗ ಕುಸಿದು ಮುಂದಿನ ಚಕ್ರ ಹಗುರಾಗುತ್ತೆ, ಸ್ಟೇರಿಂಗ್ ಕೈಗೆ ಸಿಕ್ಕೋದಿಲ್ಲ. ಸಾಬರು ಇಲ್ಲಿದ್ದಿದ್ದರೆ ಚೀಟಿ ನೋಡದೆಯೇ ಹೇಳಿಬಿಡ್ತಿದ್ದರೋ ಏನೋ.

ಎಲ್ಲಿದ್ದೆ? ಹಾಂ, ಚೀಟಿ. ಅದರಲ್ಲೊಂದು ವಿಚಿತ್ರ ಇದೆ. ಟ್ರಕ್ಕಿನ ಬೆಲೆ ಏರುತ್ತಾ ಹೋದ ಹಾಗೆ ಸಾಮಾನ್ಯವಾಗಿ ಪೇಲೋಡ್ ಇಳಿಯುತ್ತೆ. ಗಾಜಿನ ಚಾವಣಿ, ಕರೆಂಟಿನ ಸೀಟು, ದೊಡ್ಡ ಕ್ಯಾಬಿನ್ನು, ಫೋರ್ ವೀಲ್ ಡ್ರೈವ್ ಎಲ್ಲದರ ತೂಕವೂ ಅದೇ ಗಂಟಿನಿಂದ ಕಳೆಯುತ್ತೆ. ಶೋರೂಮಿನಲ್ಲಿ ಅಕ್ಕಪಕ್ಕ ನಿಂತಿರೋ ಒಂದೇ ಹೆಸರಿನ ಎರಡು ಟ್ರಕ್ಕಿನ ಚೀಟಿಯಲ್ಲಿ ನೂರಾರು ಕಿಲೋ ವ್ಯತ್ಯಾಸ ಇರೋದುಂಟು. ಅದಕ್ಕೇ ಪುಸ್ತಿಕೆ ನೋಡಿ ಕೊಳ್ಳೋ ಸಾಮಾನಲ್ಲ ಇದು. ಯಾವ ಟ್ರಕ್ ನಿಮ್ಮನೆಗೆ ಬರುತ್ತೋ ಅದರ ಬಾಗಿಲನ್ನೇ ತೆಗೆದು ನೋಡಬೇಕು.

ಅಂದ ಹಾಗೆ, ಈ ದೇಶದ ರಸ್ತೆ ಮೇಲೆ ಪಿಕಪ್ ಅಂದರೆ ಇವರದ್ದೇ ಕಂಪನಿಗಳ ದರ್ಬಾರು ಯಾಕೆ ಅಂತ ಯೋಚಿಸಿದ್ದೀರಾ? ಅದರ ಹಿಂದೆ ಕೋಳಿ ಇದೆ! ಅರವತ್ತರ ದಶಕದಲ್ಲಿ ಯುರೋಪಿನವರು ಅಮೆರಿಕದ ಕೋಳಿ ಮಾಂಸಕ್ಕೆ ಸುಂಕ ಹೇರಿದರು. ಅದಕ್ಕೆ ಸೇಡು ಅಂತ ಅಧ್ಯಕ್ಷ ಲಿಂಡನ್ ಜಾನ್ಸನ್ 1963ರ ಡಿಸೆಂಬರಿನಲ್ಲಿ ಆಲೂಗಡ್ಡೆ ಪಿಷ್ಟ, ಬ್ರಾಂದಿ ಜೊತೆಗೆ ಹೊರಗಿನಿಂದ ಬರೋ ಸಣ್ಣ ಟ್ರಕ್ಕಿಗೂ ನೂರಕ್ಕೆ 25 ಸುಂಕ ಹಾಕಿದರು. ಉಳಿದವುಗಳ ಮೇಲಿನದ್ದು ಹೋಯ್ತು, ಟ್ರಕ್ಕಿನದ್ದು ಹಾಗೇ ಉಳೀತು. ಸುಬಾರು ಕಂಪನಿಯವರು ಬ್ರ್ಯಾಟ್ ಅನ್ನೋ ಪುಟ್ಟ ಪಿಕಪ್ಪಿನ ಹಿಂದಿನ ತೊಟ್ಟಿಯಲ್ಲಿ ಎರಡು ಪ್ಲಾಸ್ಟಿಕ್ ಸೀಟು ಕೂರಿಸಿ, ಇದು ಟ್ರಕ್ಕಲ್ಲ, ಕಾರು ಅಂತ ತೋರಿಸಿ ಸುಂಕ ತಪ್ಪಿಸಿಕೊಂಡರು. ಎಂಥ ತಲೆ ನೋಡಿ! ಕೋಳಿ ಜಗಳ ಕುದುರೆ ಎಳೆಯೋ ಗಾಡಿ ತನಕ ಬಂತು.

ಸರಿ, ಕುದುರೆಗೆ ಬರೋಣ. ಅದು ದೋಣಿಯೂ ಅಲ್ಲ, ಸಿಮೆಂಟ್ ಮೂಟೆಯೂ ಅಲ್ಲ. ನಿಂತೇ ಪ್ರಯಾಣ ಮಾಡುತ್ತೆ, ಮೈಭಾರ ಎತ್ತರದಲ್ಲಿರುತ್ತೆ, ಒದೆಯುತ್ತೆ, ಕಾಲು ಬದಲಾಯಿಸುತ್ತೆ. ನೀವು ಗಕ್ಕನೆ ಬ್ರೇಕ್ ಹಾಕಿದರೆ ನಾಲ್ಕು ಕಾಲನ್ನೂ ಬಿಗಿ ಹಿಡಿದು ತಡಕೊಳ್ಳಬೇಕು ಪಾಪ. ಒಂದೇ ಕುದುರೆ ಒಯ್ಯೋದಾದರೆ ಅದನ್ನು ಎಡಗಡೆಯ ಅಂಕಣದಲ್ಲಿ ನಿಲ್ಲಿಸ್ತಾರೆ. ಇಲ್ಲಿ ಬಂಡಿ ಓಡೋದು ಬಲಕ್ಕೆ, ರಸ್ತೆಯ ನಡು ಉಬ್ಬಿ ಅಂಚಿಗೆ ಇಳಿಜಾರಿರುತ್ತೆ. ಭಾರ ನಡುವಿನ ಕಡೆಗಿದ್ದರೆ ಟ್ರೈಲರ್ ಬಲಕ್ಕೆ ವಾಲೋದಿಲ್ಲ. ಇಷ್ಟು ಸಣ್ಣ ಸಂಗತಿಯನ್ನೂ ಯಾರೋ ಗಮನಿಸಿ ಪದ್ಧತಿ ಮಾಡಿದ್ದಾರಲ್ಲ, ನನಗದು ಬಲು ಇಷ್ಟ.

ಹಾಗಾಗಿ ಟ್ರಕ್ ನೋಡೋಕೆ ಹೋದಾಗ ಎಂಜಿನ್ ಹಾರ್ಸ್‌ಪವರ್ ಕೇಳೋ ಮೊದಲು ಬ್ರೇಕ್ ಕೇಳಿ. ಟ್ರೈಲರಿನ ಚಕ್ರದಲ್ಲೂ ಕರೆಂಟಿನ ಬ್ರೇಕ್ ಇರುತ್ತೆ. ಅದನ್ನು ಕೈಯಲ್ಲೇ ಹಿಡಿಯೋ ಕಂಟ್ರೋಲರ್ ಡ್ಯಾಶ್‌ಬೋರ್ಡಿನಲ್ಲಿದೆಯಾ? ಟ್ರೈಲರ್ ಎಲ್ಲಾದರೂ ಕಳಚಿಕೊಂಡರೆ ತಾನಾಗಿ ಬ್ರೇಕ್ ಹಿಡಿಸೋ, ಟ್ರೈಲರಿನಲ್ಲೇ ಇರೋ ಸಣ್ಣ ಬ್ಯಾಟರಿಯಲ್ಲಿ ಚಾರ್ಜ್ ಇದೆಯಾ? ಚಕ್ರದಿಂದ ಚಕ್ರಕ್ಕೆ ಅಂತರ ಎಷ್ಟು? ಉದ್ದ ಇದ್ದಷ್ಟೂ ಟ್ರಕ್ ಅಲುಗಾಡದೆ ನಿಲ್ಲುತ್ತೆ. ಟೈರು ಕಾರಿನ ಜಾತಿಯದೋ, ಭಾರ ಹೊರೋ ಎಲ್‌ಟಿ ಟೈರೋ? ಸ್ಟೀರಿಯೋ ಹೇಗೆ ಹಾಡುತ್ತೆ ಅನ್ನೋದನ್ನ ಆಮೇಲೆ ಕೇಳಿದರಾಯ್ತು.

ಡೀಸೆಲ್ಲೇ ಬೇಕಾ ಅಂತ ಹಾಸನದವರ ಇನ್ನೊಂದು ಪ್ರಶ್ನೆ. ಕಮ್ಮಿನ್ಸ್, ಡ್ಯೂರಾಮ್ಯಾಕ್ಸ್, ಪವರ್‌ಸ್ಟ್ರೋಕ್ ಹೆಸರು ಕೇಳಿದರೇ ಗಂಡಸರ ಮುಖ ಅರಳುತ್ತೆ. ಕೊಲರಾಡೋ ಬೆಟ್ಟಗಳಿಗೆ ತಿಂಗಳಿಗೊಮ್ಮೆ ಹೋಗೋರಿಗೆ ಡೀಸೆಲ್ ಬೇಕು ಅಂತೀನಿ, ಇಳಿಜಾರಿನಲ್ಲಿ ಅದರ ಎಕ್ಸಾಸ್ಟ್ ಬ್ರೇಕ್ ದೊಡ್ಡ ಉಪಕಾರ ಮಾಡುತ್ತೆ. ಆದರೆ ಡೀಸೆಲ್ ಎಂಜಿನ್ನಿನ ತೂಕವೇ ಹೆಚ್ಚು, ಅದೂ ಪೇಲೋಡಿನಿಂದ ಕಳೆಯುತ್ತೆ. ಬೆಲೆ, ರಿಪೇರಿ ಎರಡೂ ಜಾಸ್ತಿ. ನಮ್ಮ ಕಡೆಯ ಚಪ್ಪಟೆ ನೆಲದಲ್ಲಿ ವಾರಾಂತ್ಯದ ಸ್ಪರ್ಧೆಗೆ ಪೆಟ್ರೋಲೇ ಸಾಕು.

ಮುಂದೆ ಮೂರು ನಾಲ್ಕು ಕುದುರೆ, ಮಲಗೋ ಕೋಣೆ ಇರೋ ಗೂಸ್‌ನೆಕ್ ಟ್ರೈಲರ್ ಅಂತ ಆಸೆಯಾದರೆ ಆ ಕಥೆಯೇ ಬೇರೆ. ಅದರ ನೂರಕ್ಕೆ 20ರಿಂದ 25 ಪಾಲು ಭಾರ ಟ್ರಕ್ಕಿನ ತೊಟ್ಟಿಯ ಮೇಲೆ ಬೀಳುತ್ತೆ. ಅಲ್ಲಿ ಹಾಫ್ ಟನ್ನಿನ ಮಾತೇ ಎತ್ತಬೇಡಿ.

ಎರಡು ಕುದುರೆಯ ಈ ಟ್ರೈಲರಿಗೆ ನನ್ನ ಕೇಳಿದರೆ ಹಾಫ್ ಟನ್ನಿಗಿಂತ ಒಂದು ಮೆಟ್ಟಿಲು ಮೇಲಿನ, ಎಫ್-250 ಅಥವಾ 2500 ತರಗತಿಯ ಪೆಟ್ರೋಲ್ ಟ್ರಕ್, ಅಲಂಕಾರ ಕಮ್ಮಿ ಇರೋದು, ಉದ್ದನೆಯದು, ಒಳ್ಳೇದು ಸಿಕ್ಕರೆ ಸೆಕೆಂಡ್ ಹ್ಯಾಂಡೇ ಸರಿ. ಖಾಲಿ ಓಡಿಸುವಾಗ ಕುಲುಕುತ್ತೆ, ಆರು ಮೀಟರಿಗೂ ಉದ್ದ ಇರೋದರಿಂದ ಪಟೇಲ್ ಬ್ರದರ್ಸ್ ಅಂಗಡಿ ಮುಂದೆ ನಿಲ್ಲಿಸೋದು ಕಷ್ಟ, ನಿಜ. ಆದರೂ ಅದೇ ತಗೊಳ್ಳಿ. ತಂದ ಮೇಲೆ ಕುದುರೆ, ಹುಲ್ಲು, ನೀರು, ಮನೆ ಮಂದಿ ಎಲ್ಲ ಹತ್ತಿಸಿಕೊಂಡು ಒಂದು ಸಲ ಹೆದ್ದಾರಿ ಪಕ್ಕದ ಟ್ರಕ್ ನಿಲ್ದಾಣದ ಕ್ಯಾಟ್ ಸ್ಕೇಲ್‌ಗೆ ಹೋಗಿ ಬನ್ನಿ. ನಮ್ಮೂರ ವೇಬ್ರಿಡ್ಜೇ ಅದು, ಮುಂದಿನ ಅಚ್ಚು, ಹಿಂದಿನ ಅಚ್ಚು, ಟ್ರೈಲರಿನ ಅಚ್ಚು ಅಂತ ಬೇರೆ ಬೇರೆ ತೂಕ ಬರೆದು ಚೀಟಿ ಕೊಡ್ತಾರೆ. ಆ ಚೀಟಿಯನ್ನೂ ಬಾಗಿಲ ಕಂಬದ ಚೀಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ, ಆಮೇಲೇ ಮಗಳನ್ನು ಕರಕೊಂಡು ಮೊದಲ ಸ್ಪರ್ಧೆಗೆ ಹೊರಡಿ.